ಒಂದೇ ತೋಳಿನ ಗಿರಾಕಿ

ಮೂವತ್ತು ವರ್ಷದಿಂದ ಹೊನ್ನಾವರದಲ್ಲಿ ಹೊಲಿಗೆ ಅಂಗಡಿ ಇಟ್ಟುಕೊಂಡಿದ್ದೇನೆ. ಮೈ ದಪ್ಪ ಆದದ್ದಕ್ಕೆ ನನ್ನ ಟೇಪನ್ನು ಬೈದ ಹೆಂಗಸರನ್ನು ಕಂಡಿದ್ದೇನೆ. ಮದುವೆಯ ದಿನ ಬೆಳಿಗ್ಗೆ ಬಂದು ರವಿಕೆಯ ತೋಳು ಬದಲಿಸಿ ಕೊಡು ಅಂದವರನ್ನೂ ಕಂಡಿದ್ದೇನೆ. ಆದರೆ ಅಂಗಿಯೇ ಬೇಡ, ಬರೀ ಎಡಗೈ ತೋಳೊಂದನ್ನು ಹೊಲಿದು ಕೊಡು, ಅದೂ ಗೋಣಿಚೀಲದ್ದು, ಎಂದು ಕೇಳಿಕೊಂಡು ಬಂದ ಗಿರಾಕಿ ಈ ಜನ್ಮದಲ್ಲಿ ಒಬ್ಬರೇ. ಅವರು ತೀರಿಹೋಗಿ ಎರಡು ತಿಂಗಳಾಯಿತು. ಈ ಎರಡು ತಿಂಗಳಲ್ಲಿ ಊರವರ ಬಾಯಲ್ಲಿ ಅವರು ದೇವರಂಥ ಮನುಷ್ಯರಾಗಿಬಿಟ್ಟಿದ್ದಾರೆ. ಇದ್ದಾಗ ಇದೇ ಬಾಯಿಗಳು ಅವರನ್ನು ಏನೇನು ಕರೆದಿದ್ದವೆಂದು ಬರೆದರೆ ಯಾರೂ ಅಚ್ಚು ಹಾಕಲಿಕ್ಕಿಲ್ಲ. ನಾನಂತೂ ಅವರನ್ನು ಕರೆದದ್ದು ಒಂದೇ ಹೆಸರಿನಲ್ಲಿ: ನಾಯಿ ಮಾಸ್ತರು.

ನಮ್ಮ ಹಿತ್ತಿಲಿನ ಗೋಡೆಯಾಚೆಯ ಮನೆ ಅವರದ್ದು. ಗಲ್ಫಿನಲ್ಲಿ ಹದಿನೆಂಟು ವರ್ಷ ದುಡಿದು ಬಂದವರು. ಗಲ್ಫಿಗೆ ಹೋಗಿ ಬಂದವರು ನಮ್ಮ ಕಡೆ ಅಪರೂಪವಲ್ಲ. ಅಲ್ಲಿ ಎಂತಾ ಕೆಲಸ ಎಂದು ಕೇಳಿದರೆ ಎಲ್ಲರೂ ಮ್ಯಾನೇಜರೇ. ಇವರೊಬ್ಬರು ಮಾತ್ರ ಕೇಳಿದವರಿಗೆಲ್ಲ ನಿಜ ಹೇಳಿದರು: ‘ನಾಯಿ ಹತ್ರ ಕಚ್ಚಿಸ್ಕಳೂ ಕೆಲ್ಸ.’ ಕಾವಲು ನಾಯಿಗಳ ಕಂಪನಿಯೊಂದರಲ್ಲಿ, ನಾಯಿಗೆ ಕಲಿಸುವಾಗ ಕಳ್ಳನ ವೇಷ ಹಾಕಿ ನಿಲ್ಲುವ ಉದ್ಯೋಗ. ಉಳಿದವರ ಪೆಟ್ಟಿಗೆಯಿಂದ ಅತ್ತರು, ಕಂಬಳಿ, ಖರ್ಜೂರ ಬಂದರೆ ಇವರ ಪೆಟ್ಟಿಗೆಯಿಂದ ಹೊರಬಿದ್ದದ್ದು ಹಾಸಿಗೆಯಷ್ಟು ದಪ್ಪದ ಕೋಟು, ಅದಕ್ಕೆ ತಕ್ಕ ಪ್ಯಾಂಟು, ಹಲ್ಲಿನ ಗುರುತುಗಳ ಸಮೇತ. ಅವರ ಹೆಂಡತಿ ಅದನ್ನು ನೋಡಿ, ‘ಇದ್ನ ಎಲ್ಲಿಡೂದು?’ ಎಂದು ಕೇಳಿ ಅತ್ತರಂತೆ.

ಬಂದ ವರ್ಷವೇ ಹೊಳೆಬದಿಯಲ್ಲಿ ಬೇಸಾಯ ಬಿಟ್ಟ ಗದ್ದೆಯೊಂದನ್ನು ಹಿಡಿದು ನಾಯಿಶಾಲೆ ತೆರೆದರು. ಕುಮಟೆಯಿಂದ, ಭಟ್ಕಳದಿಂದ, ಮಿರ್ಜಾನದಿಂದ ಕಾರುಗಳು ಬರತೊಡಗಿದವು. ಹಿಂದಿನ ಸೀಟಿನಲ್ಲಿ ನಾಯಿ, ಮುಂದಿನ ಸೀಟಿನಲ್ಲಿ ಯಜಮಾನರು. ಇಬ್ಬರಲ್ಲಿ ಯಾರಿಗೆ ಕಲಿಸುವುದು ಕಷ್ಟ ಎಂದು ಕೇಳಿದರೆ ಮಾಸ್ತರು ಯೋಚಿಸುತ್ತಲೇ ಇರಲಿಲ್ಲ. ಅವರು ಗೋಣಿಯ ತೋಳು ತೊಟ್ಟು ಓಡುವುದು, ನಾಯಿ ಬೆನ್ನಟ್ಟಿ ತೋಳಿಗೆ ಜೋತುಬೀಳುವುದು, ‘ಆವುಸ್’ ಎಂದ ಕೂಡಲೇ ಬಿಡುವುದು. ಅದು ಜರ್ಮನ್ ಮಾತಂತೆ, ಬಿಡು ಅಂತ ಅರ್ಥ. ಕನ್ನಡದಲ್ಲೇ ಬಿಡು ಅಂದರೆ ಎಂತಾಗುತ್ತದೆ ಎಂದು ಕೇಳಿದ್ದಕ್ಕೆ, ‘ಕನ್ನಡದಲ್ಲಿ ಹೇಳಿದ್ದನ್ನ ನಮ್ಮೂರಲ್ಲಿ ಯಾರು ಕೇಳಿದಾರೆ ತಂಗಿ?’ ಅಂದರು. ಆರು ತಿಂಗಳಲ್ಲಿ ನಮ್ಮ ಕೇರಿಯಲ್ಲಿ ಜಡೆ ಹಿಡಿದು ಜಗಳಾಡುವ ಮಕ್ಕಳಿಗೂ ತಾಯಂದಿರು ‘ಆವುಸ್’ ಎನ್ನತೊಡಗಿದ್ದರು. ಮಕ್ಕಳು ಬಿಡುತ್ತಿರಲಿಲ್ಲ, ಆ ಮಾತು ಬೇರೆ.

ವಾರಕ್ಕೆ ಎರಡು ತೋಳು ಹರಿದು ನನ್ನ ಮಿಷನ್ನಿಗೆ ಬರುತ್ತಿದ್ದವು. ಮದುಮಗಳ ರೇಷ್ಮೆ ರವಿಕೆಯ ಪಕ್ಕದಲ್ಲೇ ಜೊಲ್ಲು ಒಣಗಿದ ಗೋಣಿ. ‘ನನ್ನ ಬ್ಲೌಸು ಇನ್ನೂ ಆಗ್ಲಿಲ್ಲ, ನಾಯಿ ತೋಳು ಆತಾ?’ ಎಂದು ಹೆಂಗಸರು ಮುಖ ಊದಿಸಿಕೊಳ್ಳುತ್ತಿದ್ದರು. ಅಳತೆ ಸರಿಯಿಲ್ಲವೆಂದು ನಾಯಿ ಯಾವತ್ತೂ ವಾಪಸು ತರುವುದಿಲ್ಲ ಎಂದು ನಾನು ಹೇಳುತ್ತಿದ್ದೆ. ನಾನು ಹೊಲಿಯುವಷ್ಟು ಹೊತ್ತು ಮಾಸ್ತರು ಸ್ಟೂಲಿನ ಮೇಲೆ ಕೂತು ಪಾಠ ಮಾಡುತ್ತಿದ್ದರು. ಕೇಳುವವರಿಗೆ ಬೇಕೋ ಬೇಡವೋ ಎನ್ನುವ ಸಂಶಯ ಅವರಿಗೆ ಬಂದದ್ದೇ ಇಲ್ಲ.

‘ಐಜಿಪಿ ಹೇಳಿರೆ ನಾಯಿಗಳ ಪರೀಕ್ಷೆ, ನಿಮ್ಮ ಎಸ್ಸೆಸ್ಸೆಲ್ಸಿ ಇದ್ದಂಗೆ ತಂಗಿ. ಮೂರು ಪೇಪರು. ಒಂದ್ರಲ್ಲಿ ಮೂಗು, ವಾಸನೆ ಹಿಡ್ಕಂಡು ಗದ್ದೆಲಿ ಹೋಗೂದು. ಎರಡ್ನೇದು ಹೇಳಿದ್ದು ಕೇಳೂದು. ಮೂರ್ನೇದು ಕಚ್ಚೂದು. ಒಂದೊಂದಕ್ಕೆ ನೂರು ಮಾರ್ಕು. ಪ್ರಶ್ನೆಪತ್ರಿಕೆ ಮಾತ್ರ ಪ್ರತಿ ವರ್ಷ ಅದೇಯ. ಕಳ್ಳ ಡೇರೆ ಹಿಂದೆ ನಿಂತಿರ್ತಾ. ನಾಯಿ ಹುಡುಕಿ ಎದುರು ನಿಂತು ಬೊಗಳ್ತದೆ. ಕಳ್ಳ ಓಡ್ತಾ, ಆಮೇಲೆ ತೋಳು ಮುಂದೆ ಮಾಡ್ತಾ, ನಾಯಿ ಕಚ್ತದೆ.’

‘ಕಳ್ಳ ಅವನಾಗೇ ತೋಳು ಕೊಡ್ತನಾ?’

‘ಕೊಡ್ತಾ. ಕೊಡ್ಲೇಬೇಕು.’

‘ನಮ್ಮೂರ ಕಳ್ಳರಿಗೆ ಯಾರಾದ್ರೂ ಇದ್ನ ತಿಳಿಸಿದಾರಾ ಮಾಸ್ತರ್ರೇ?’

ಅವರು ಇಂಥದ್ದಕ್ಕೆಲ್ಲ ನಗುವವರಲ್ಲ. ಫ್ರೆಂಚರದ್ದು ಹಾಗಲ್ಲ ಎಂದು ಮುಂದುವರಿಸಿದರು. ಅಲ್ಲಿ ಕಳ್ಳ ಇಡೀ ಮೈಗೆ ಕೋಟು ಹಾಕಿಕೊಂಡಿರುತ್ತಾನೆ, ನಾಯಿ ಕಾಲಿಗೂ ಬಾಯಿ ಹಾಕಬಹುದು. ಆದರೆ ಅವನು ಜಿಗಿದು ತಪ್ಪಿಸಿಕೊಳ್ಳುತ್ತಾನೆ, ಕೋಲು ಬೀಸುತ್ತಾನೆ. ನಾಯಿಯ ಮಾರ್ಕು ಕದಿಯುವುದೇ ಅವನ ಕಸುಬು. ಮೂಗಿನ ಪೇಪರು ಅಲ್ಲಿಲ್ಲ. ಡಚ್ ಪೊಲೀಸರ ಪರೀಕ್ಷೆಯಲ್ಲಿ ನಾಯಿ ನೀರಿಗೆ ಹಾರಿ ಈಜಬೇಕು, ಸೈಕಲ್ ಮೇಲೆ ಓಡುವವನನ್ನು ಕೆಡಹಬೇಕು. ಎಲ್ಲಕ್ಕಿಂತ ಮಾಸ್ತರಿಗೆ ಪ್ರೀತಿಯದ್ದು ಮೊಂಡಿಯೊ ರಿಂಗ್ ಎನ್ನುವುದೊಂದು.

‘ಅದ್ರಲ್ಲಿ ಪ್ರತಿ ಸಲ ರಂಗ ಬೇರೆ ಮಾಡ್ತಾರೆ. ಒಂದ್ಸಲ ಸಂತೆ, ಒಂದ್ಸಲ ಮದ್ವೆಮನೆ. ಕಳ್ಳ ಕೊಡೆ ಬಿಚ್ತಾ, ಬಾಲ್ದಿಲಿ ನೀರು ಹೊಯ್ತಾ. ಯಾವ್ದು ಮೊದ್ಲು ಯಾವ್ದು ಆಮೇಲೆ ಹೇಳಿ ಚೀಟಿ ಎತ್ತೂದು. ಮತ್ತೆ ಒಂದದೆ, ಯಜಮಾನ ಮರೆಗೆ ಹೋಗಬೇಕು. ಯಾರೋ ಬಂದು ನಾಯಿ ಮುಂದೆ ತಿಂಬೂದು ಬಿಸಾಡ್ತಾರೆ. ಮೂಸೂಕಿಲ್ಲ. ಐಜಿಪಿಯವ್ರು ಅದ್ನ ಕೇಳೂದೇ ಇಲ್ಲ.’

ಗಿರಾಕಿಗಳಿಗೆ ಇದೊಂದೂ ಬೇಕಿರಲಿಲ್ಲ. ಅವರಿಗೆ ಬೇಕಾದದ್ದು ನಾಯಿಯ ಹೆಸರಿನ ಮುಂದೆ ಎರಡಕ್ಷರ. ಕುಮಟೆಯ ಒಬ್ಬರು, ಬಿ.ಕಾಂ.ನಲ್ಲಿ ಮೂರು ಸಲ ಡುಮ್ಕಿ ಹೊಡೆದವರು, ಹೊರದೇಶದಿಂದ ಪದವಿ ಸಮೇತ ನಾಯಿ ತರಿಸಿ ಗೇಟಿನ ಮೇಲೆ ತಮ್ಮ ಹೆಸರಿನ ಕೆಳಗೆ ‘ಐಜಿಪಿ ೩’ ಎಂದು ಬರೆಸಿದರು. ಊರವರು ಅವರಿಗೆ ಪೊಲೀಸ್ ಇಲಾಖೆಯಲ್ಲಿ ದೊಡ್ಡ ಹುದ್ದೆ ಸಿಕ್ಕಿದೆಯೆಂದು ತಿಳಿದು ನಮಸ್ಕಾರ ಮಾಡತೊಡಗಿದರು. ಅವರೂ ಬೇಡವೆನ್ನಲಿಲ್ಲ. ಇನ್ನೊಬ್ಬರು ನಾಯಿ ಪಾಸಾಗಲೆಂದು ಇಡಗುಂಜಿ ಗಣಪತಿಗೆ ಪಂಚಕಜ್ಜಾಯ ಹೇಳಿಕೊಂಡರು. ದಿನಾ ಬೆಳಿಗ್ಗೆ ಅದನ್ನು ತಿರುಗಾಡಿಸುವುದು ಮಾತ್ರ ಅವರಿಂದ ಆಗುತ್ತಿರಲಿಲ್ಲ.

ಮಾಸ್ತರ ಶಾಲೆಗೇ ಒಂದು ದೊಡ್ಡ ದೋಷವಿತ್ತು. ಹೊರದೇಶದಲ್ಲಿ ಕಳ್ಳನ ವೇಷದವರನ್ನು ಬದಲಿಸುತ್ತಾ ಇರುತ್ತಾರಂತೆ. ಇಲ್ಲಿ ನಾಯಿ ಬಾಯಿಗೆ ಕೈ ಕೊಡುವ ಗಂಡಸು ಇನ್ನೊಬ್ಬ ಎಲ್ಲಿ ಸಿಗಬೇಕು? ಹತ್ತು ವರ್ಷ ಎಲ್ಲ ನಾಯಿಗಳಿಗೂ ಇವರೊಬ್ಬರೇ ಕಳ್ಳ. ಹಾಗಾಗಿ ಮೂರು ತಾಲೂಕಿನ ತಯಾರಾದ ನಾಯಿಗಳೆಲ್ಲ ಕಲಿತದ್ದು ಒಂದೇ ಪಾಠ: ಇವರನ್ನು ಕಂಡರೆ ಹಾರಬೇಕು. ಕುಮಟೆಯ ಒಂದು ಮನೆಯಲ್ಲಿ ಕಳ್ಳರು ಬಂದು ಟಿವಿ ಹೊತ್ತುಕೊಂಡು ಹೋದಾಗ ನಾಯಿ ಗೇಟಿನವರೆಗೆ ಹೋಗಿ ಬೀಳ್ಕೊಟ್ಟು ಬಂತಂತೆ. ಮರುದಿನ ಸಮಾಧಾನ ಹೇಳಲು ಹೋದ ಮಾಸ್ತರನ್ನು ಅದೇ ನಾಯಿ ತೆಂಗಿನಮರಕ್ಕೆ ಆನಿಸಿ ಒಂದು ತಾಸು ನಿಲ್ಲಿಸಿತು. ಪೇಟೆಗೆ ಹೋಗಬೇಕಾದರೆ ಅವರು ಯಾವ ಬೀದಿಯಲ್ಲಿ ಯಾವ ಶಿಷ್ಯನ ಮನೆ ಇದೆ ಎಂದು ಲೆಕ್ಕ ಹಾಕಿ, ಸುತ್ತು ಬಳಸಿ ಹೋಗುತ್ತಿದ್ದರು. ಕಾಲು ಕಿಲೋಮೀಟರ್ ದೂರದ ರೇಶನ್ ಅಂಗಡಿಗೆ ರಿಕ್ಷಾ ಮಾಡಿಕೊಂಡು ಹೋದದ್ದನ್ನು ನಾನೇ ಕಣ್ಣಾರೆ ಕಂಡಿದ್ದೇನೆ. ‘ನಿಮ್ಮೊಬ್ಬರನ್ನ ಹಿಡಿದು ಜೈಲಿಗೆ ಹಾಕಿದ್ರೆ ಜಿಲ್ಲೆಗೇ ಬಂದೋಬಸ್ತು’ ಎಂದು ನಾನು ಹೇಳಿದ ದಿನ ಮಾತ್ರ ಸಿಟ್ಟು ಬಂದು, ತೋಳು ತೆಗೆದುಕೊಳ್ಳದೆ ಎದ್ದು ಹೋದರು.

ಅವರ ಸ್ವಂತ ನಾಯಿಯ ಕಥೆ ಬೇರೆ. ಗಲ್ಫಿನ ಹಳೆಯ ಗೆಳೆಯನೊಬ್ಬ ಕೊಡಿಸಿದ ಬೆಲ್ಜಿಯಂ ತಳಿಯ ಹೆಣ್ಣುಮರಿ, ಕಂದು ಮೈ, ಕಪ್ಪು ಮೋರೆ. ಕಾಗದದಲ್ಲಿ ಅದಕ್ಕೆ ರೈಲಿನಷ್ಟು ಉದ್ದದ ಹೆಸರು. ನಾನು ಕೆಂಪಿ ಎಂದು ಕರೆದೆ, ಅವಳು ಓಗೊಟ್ಟಳು, ಅಲ್ಲಿಗೆ ಮುಗಿಯಿತು. ಕೆಂಪಿಯ ಮುಂದೆ ಅವರು ಕಳ್ಳನ ಕೋಟು ತೊಟ್ಟವರಲ್ಲ. ಮಳೆಗಾಲದಲ್ಲಿ ಬೋಟುಗಳು ಸಮುದ್ರಕ್ಕೆ ಇಳಿಯುವಂತಿಲ್ಲವಲ್ಲ, ಆ ಎರಡು ತಿಂಗಳು ಕೆಲಸವಿಲ್ಲದೆ ಕೂತ ಬೋಟಿನವರನ್ನು ಒಬ್ಬೊಬ್ಬರನ್ನಾಗಿ ಕಾಡಿ ಬೇಡಿ ಕರೆದು ತಂದು ಕೋಟು ತೊಡಿಸಿದರು. ಬಿರುಗಾಳಿಗೆ ಹೆದರದ ಆಳುಗಳು ಗದ್ದೆಯಲ್ಲಿ ‘ಅಯ್ಯಯ್ಯೋ’ ಎಂದು ಓಡುವುದನ್ನು ನೋಡಲು ಕೇರಿಯೇ ಸೇರುತ್ತಿತ್ತು.

ಕೆಂಪಿಯ ವಿಷಯದಲ್ಲಿ ಅವರ ಒಂದು ಜಂಬ ಯಾವಾಗಲೂ ಇತ್ತು. ‘ಅನ್ಯರ ಕೈಯಿಂದ ಒಂದ್ ತುತ್ತು ಮುಟ್ಟೂದಿಲ್ಲ. ಮೂರು ತಾಲೂಕಲ್ಲಿ ಇಂಥ ನಾಯಿ ಇದೊಂದೇ.’ ನನ್ನ ಅಂಗಡಿಯ ಸ್ಟೂಲಿನ ಮೇಲೆ ಕೂತು ಇದನ್ನು ಹೇಳುವಾಗ ನಾನು ತಲೆ ಬಗ್ಗಿಸಿ ಹೊಲಿಯುತ್ತಿದ್ದೆ. ನನ್ನ ಬೆರಳು ಮೂಸಿದ್ದರೆ ಮಾಸ್ತರಿಗೆ ಬಂಗಡೆ ಮೀನಿನ ವಾಸನೆ ಬರುತ್ತಿತ್ತು.

ಹೌದು, ನಾನು ಹಾಕುತ್ತಿದ್ದೆ. ಬೆಳಿಗ್ಗೆ ಹಿತ್ತಿಲಿನಲ್ಲಿ ಮೆಟ್ಟುಗತ್ತಿ ಇಟ್ಟುಕೊಂಡು ಮೀನು ಹೆಚ್ಚಲು ಕೂತರೆ ಗೋಡೆಯ ಮೇಲೆ ಎರಡು ಕಿವಿ ಕಾಣುತ್ತಿದ್ದವು. ಕೂಗುವುದಿಲ್ಲ, ಗೀರುವುದಿಲ್ಲ, ಸುಮ್ಮನೆ ನೋಡುವುದು. ನಾನೇನು ಕಲ್ಲೇ? ಒಂದು ತಲೆ ಎಸೆದೆ. ಮುಟ್ಟಲಿಲ್ಲ. ಅಷ್ಟು ಚೆನ್ನಾಗಿ ಕಲಿಸಿದ್ದರು. ನನಗೆ ಹಟ ಬಂತು. ಮೂರು ವಾರ ದಿನಾ ಒಂದೊಂದು ತಲೆ ಎಸೆದು, ‘ಹೂಂ, ತಿನ್ನು’ ಎಂದು ಗೋಣು ಹಾಕಿದೆ. ನಾಲ್ಕನೆಯ ವಾರ ತಿಂದಳು. ಆಮೇಲೆ ಮೂರು ವರ್ಷ, ಏಕಾದಶಿ ಬಿಟ್ಟು ಒಂದು ದಿನ ತಪ್ಪಲಿಲ್ಲ. ಗುರುಗಳು ಹತ್ತು ಊರಿಗೆ ಹೇಳಿಕೊಂಡು ತಿರುಗಿದ ವಿದ್ಯೆಯನ್ನು ನಾನು ಬಂಗಡೆ ತಲೆಯಲ್ಲಿ ಕೆಡಿಸಿದೆನಲ್ಲ ಎಂದು ಒಳಗೊಳಗೇ ಖುಷಿಯೂ ಇತ್ತು, ಸುಳ್ಳು ಯಾಕೆ ಹೇಳಲಿ.

ಹೀಗಿರುವಾಗ ಭಟ್ಕಳದ ಬಂಗಾರದ ಅಂಗಡಿಯ ಸಾಹುಕಾರರೊಬ್ಬರ ಕಣ್ಣು ಕೆಂಪಿಯ ಮೇಲೆ ಬಿತ್ತು. ಕೊಡಿ ಎಂದರು. ಮಾಸ್ತರು ಕೊಡುವುದಿಲ್ಲ ಎಂದರು. ಒಂದು ದಿನ ನನ್ನ ಅಂಗಡಿಯ ಮುಂದೆಯೇ, ನಾಲ್ಕು ಜನ ನೋಡುತ್ತಿರುವಾಗ, ಸಾಹುಕಾರರು ಕುಟುಕಿದರು: ‘ಹತ್ತು ವರ್ಷದಿಂದ ಪರೀಕ್ಷೆ ಪರೀಕ್ಷೆ ಹೇಳ್ತ್ರಿ. ನಿಮ್ಮ ಕೈಯಲ್ಲಿ ಒಂದು ನಾಯಿಯಾದ್ರೂ ಪಾಸಾಯ್ದಾ? ಈ ನಾಯಿನೂ ಪಾಸಾಗೂದಿಲ್ಲ, ಅದ್ಕೇ ಬಚ್ಚಿಟ್ಕಂಡಿದ್ರಿ.’

ಮಾಸ್ತರ ಮುಖ ಕೆಂಪಗಾಯಿತು. ‘ಪಾಸಾಗಿ ತೋರಿಸ್ತೆ. ಪಾಸಾದ ದಿನ ನಾನೇ ತಂದು ನಿಮ್ಮ ಗೇಟಿಗೆ ಕಟ್ಟಿ ಹೋಗ್ತೆ. ಆತಾ?’

‘ಆತು’ ಎಂದರು ಸಾಹುಕಾರರು. ಕೆಲಸ ಮುಗಿದಿತ್ತು. ಬಾಯಿ ಜಾರಿದ ಕೂಡಲೇ ಮಾಸ್ತರಿಗೆ ಗೊತ್ತಾಯಿತು, ಅವರು ಸ್ಟೂಲು ಹುಡುಕಿ ಕೂತ ರೀತಿಯಲ್ಲೇ ನನಗದು ತಿಳಿಯಿತು. ಆಡಿದ್ದನ್ನು ಹಿಂದೆ ತೆಗೆದುಕೊಳ್ಳುವ ಮನುಷ್ಯನಲ್ಲ. ನಾಯಿಗೆ ಒಂದು ಸಲ ಹೇಳಿದ ಮಾತನ್ನು ಯಜಮಾನ ಬದಲಿಸಬಾರದು ಎಂದು ಊರಿಗೆಲ್ಲ ಬೈದವರು ತಾವೇ ಹೇಗೆ ಬದಲಿಸುತ್ತಾರೆ? ಇನ್ನು ಉಳಿದದ್ದು ಇಷ್ಟೇ: ಪಾಸಾದರೆ ಕೆಂಪಿ ಹೋಗುತ್ತಾಳೆ, ಫೇಲಾದರೆ ಮಾಸ್ತರ ಮಾನ ಹೋಗುತ್ತದೆ. ಊಟ ಅರ್ಧಕ್ಕೇ ಬಿಟ್ಟು ಏಳುತ್ತಾರೆ ಎಂದು ಅವರ ಹೆಂಡತಿ ಗೋಡೆಯ ಮೇಲಿನಿಂದ ಹೇಳಿದರು.

ಘಟ್ಟದ ಮೇಲಿನ ಒಂದು ದೊಡ್ಡ ಊರಿನಲ್ಲಿ ಹೊರದೇಶದ ಜಡ್ಜು ಬಂದು ಪರೀಕ್ಷೆ ನಡೆಸುವ ಸುದ್ದಿಯನ್ನು ಸಾಹುಕಾರರೇ ವಾಟ್ಸಾಪಿನಲ್ಲಿ ಕಳಿಸಿದರು. ಐಜಿಪಿಯೂ ಇತ್ತು, ಮೊಂಡಿಯೊ ರಿಂಗೂ ಇತ್ತು. ಎಲ್ಲರೂ ಐಜಿಪಿಗೆ ಹಾಕಿ ಎಂದರು. ಪ್ರಶ್ನೆಪತ್ರಿಕೆ ಗೊತ್ತಿರುವಾಗ ಬೇರೆ ಪರೀಕ್ಷೆ ಯಾಕೆ? ಮಾಸ್ತರು ಕೇಳಲಿಲ್ಲ. ‘ಬಾಯಿಪಾಠದ ಪದವಿ ನಂಗ್ ಬೇಡ’ ಎಂದು ಮೊಂಡಿಯೊ ರಿಂಗಿಗೇ ಹೆಸರು ಕೊಟ್ಟರು. ನೋಡಿ, ಜಂಬ ಹೆಣದ ಜೊತೆಗೇ ಹೋಗುವುದು ಎಂದು ನಾನು ಬೈದುಕೊಂಡೆ. ತಿಂಡಿ ಬಿಸಾಡುವ ಪರೀಕ್ಷೆ ಅದರಲ್ಲೇ ಇರುವುದು ಎಂದು ಆಗ ನೆನಪಾಯಿತು. ಅವತ್ತಿನಿಂದ ಮೀನು ಹಾಕುವುದು ನಿಲ್ಲಿಸೋಣವೆಂದು ನಿಶ್ಚಯಿಸಿದೆ. ಮರುದಿನ ಗೋಡೆಯ ಮೇಲೆ ಕಿವಿ ಕಂಡವು. ಅಷ್ಟೇ ನನ್ನ ನಿಶ್ಚಯ.

ಕೋಟು ಹರಿದರೆ ಹೊಲಿಯಲು ಸೂಜಿ ದಾರದ ಜೊತೆ ನನ್ನನ್ನೂ ಕರೆದುಕೊಂಡು ಹೋದರು. ಸಾಹುಕಾರರ ಕಾರು. ಅವರು ಕೆಂಪಿಗೆಂದು ಹೊಸ ಚರ್ಮದ ಪಟ್ಟಿ ಕೊಂಡು ಮಡಿಲಲ್ಲಿ ಇಟ್ಟುಕೊಂಡಿದ್ದರು. ಡಿಕ್ಕಿಯಲ್ಲಿ ಮಾಸ್ತರು ಇಟ್ಟ ಥರ್ಮಾಕೋಲ್ ಪೆಟ್ಟಿಗೆಯ ತುಂಬ ಐಸ್ ಹಾಕಿದ ಬಂಗಡೆ. ಪರೀಕ್ಷೆ ನಡೆಸುವವರಿಗೆ ಕರಾವಳಿಯ ಉಡುಗೊರೆಯಂತೆ. ಯಾರಿಗೂ ಒಂದು ಕಪ್ ಚಾ ಕುಡಿಸಿದವರಲ್ಲ ನಮ್ಮ ಮಾಸ್ತರು. ಹೆದರಿಕೆ ಮನುಷ್ಯನಿಗೆ ಎಂತೆಂಥ ಬುದ್ಧಿ ಕೊಡುತ್ತದೆ ಎಂದುಕೊಂಡೆ.

ಕೆಂಪಿ ಆ ದಿನ ಕಚ್ಚಿದ್ದನ್ನು ನೋಡಿ ಜಡ್ಜು ಟೋಪಿ ತೆಗೆದರು. ಗುರುತಿಲ್ಲದ ಕಳ್ಳ, ಮುಖದ ಮೇಲೆ ನೀರು, ತಗಡಿನ ಡಬ್ಬಿಗಳ ಸದ್ದು, ಯಾವುದಕ್ಕೂ ಜಗ್ಗಲಿಲ್ಲ. ‘ಆವುಸ್’ ಎಂದರೆ ಆ ಕ್ಷಣ ಬಿಟ್ಟಳು. ಮಾಸ್ತರೇ ಎರಡು ಮೂರು ಕಡೆ ಅಪ್ಪಣೆಯನ್ನು ಎರಡೆರಡು ಸಲ ಹೇಳಿ ಮಾರ್ಕು ಕಳೆದರು. ಎರಡನೆಯ ಸಲ ಹೇಳಿದವನು ಯಜಮಾನನೇ ಅಲ್ಲ ಎಂದು ಗಿರಾಕಿಗಳ ಮೈಮೇಲೆ ಹೋಗುತ್ತಿದ್ದವರು. ಪಾಪ, ಗಾಬರಿಯಾಗಿರಬೇಕು ಎಂದುಕೊಂಡೆ.

ಆಮೇಲೆ ಅವರು ಮರೆಗೆ ಹೋದರು. ಒಬ್ಬಾತ ಬಂದು ಕೆಂಪಿಯ ಮುಂದೆ ಕೋಳಿಯ ತುಂಡು ಎಸೆದ. ನೋಡಲಿಲ್ಲ. ಮಾಂಸ ಎಸೆದ. ನೋಡಲಿಲ್ಲ. ಮೂರನೆಯದು ಬಂಗಡೆ, ತಲೆಯ ಸಮೇತ. ಕೆಂಪಿ ತಲೆ ಎತ್ತಿ ಹಗ್ಗದಾಚೆ ನಿಂತ ಜನರ ಸಾಲನ್ನು ಒಂದು ಕಡೆಯಿಂದ ನೋಡುತ್ತಾ ಬಂದಳು, ನನ್ನ ಮುಖ ಕಂಡಳು. ನಾನು ಗೋಣು ಹಾಕಲಿಲ್ಲ, ಆಣೆ ಮಾಡಿ ಹೇಳುತ್ತೇನೆ. ಉಸಿರೂ ಬಿಡಲಿಲ್ಲ. ಆದರೂ ಅವಳು ಬಾಲ ಅಲ್ಲಾಡಿಸಿ, ಬಗ್ಗಿ, ಶಿಸ್ತಾಗಿ ತಿಂದಳು. ಕೂಡಿಸಿದಾಗ ಪಾಸಾಗಲು ನಾಲ್ಕು ಮಾರ್ಕು ಕಡಿಮೆ.

ವಾಪಸು ಬರುವಾಗ ಘಟ್ಟ ಇಳಿಯುತ್ತಿದ್ದಂತೆ ಸಾಹುಕಾರರು, ‘ಮೀನು ಕಂಡ್ರೆ ಕಾವಲು ಬಿಡೂ ನಾಯಿನ ಭಟ್ಕಳದಲ್ಲಿ ಇಟ್ಕಂಡು ಎಂತಾ ಮಾಡೂದು?’ ಎಂದು ಪಟ್ಟಿಯನ್ನು ಚೀಲಕ್ಕೆ ಹಾಕಿದರು. ಮಾಸ್ತರು, ‘ಬೋಟಿನವರಿಗೆ ಕಚ್ಚಿಸಿದ್ದು ನನ್ನ ತಪ್ಪು. ಮೀನಿನ ವಾಸನೆ ರೂಢಿ ಆಗೋಯ್ತು’ ಎಂದರು. ನಾನು ಕಿಟಕಿಯಿಂದ ಹೊರಗೆ ನೋಡುತ್ತಾ ಕೂತೆ.

ಊರು ಬಿಡುತ್ತದೆಯೇ? ಬಂಗಡೆ ಮಾಸ್ತರು ಎಂಬ ಹೊಸ ಹೆಸರು ವಾರದೊಳಗೆ ಕುಮಟೆ ಮುಟ್ಟಿತು. ಬಾಡ ಊರಿನಿಂದ ಬರುವ ಮೀನಿನವಳು ಕೂಡ, ‘ನಿಮ್ಮ ನಾಯಿಗೊಂದು ಪಾಲು ತೆಗ್ದಿಡ್ಲಾ?’ ಎಂದು ಅವರ ಗೇಟಿನಲ್ಲಿ ನಿಂತು ನಗುತ್ತಿದ್ದಳು. ಕಾರುಗಳು ಕಡಿಮೆಯಾದವು, ನಿಂತವು. ತೋಳು ಹೊಲಿಸಲು ಬರುವುದು ತಿಂಗಳಿಗೊಮ್ಮೆ ಆಯಿತು. ಬಂದಾಗೆಲ್ಲ ಹೇಳಿಬಿಡಬೇಕೆಂದು ಬಾಯಿ ತೆರೆಯುವುದು, ದಾರ ಕಚ್ಚಿ ಸುಮ್ಮನಾಗುವುದು. ಹೀಗೆ ಎರಡು ವರ್ಷ ಕಳೆಯಿತು, ಬೆಳಿಗ್ಗೆ ಗೋಡೆಯ ಮೇಲಿನ ಕಿವಿಗಳಿಗೆ ಬಂಗಡೆ ತಲೆ ಮಾತ್ರ ತಪ್ಪಲಿಲ್ಲ. ಊರಿಗೆಲ್ಲ ಕತ್ತರಿ ಹಾಕುವ ನನ್ನ ನಾಲಿಗೆ ಆ ಒಂದು ವಿಷಯಕ್ಕೆ ಏಳಲೇ ಇಲ್ಲ.

ಕೊನೆಗೆ ಅವರು ಹಾಸಿಗೆ ಹಿಡಿದ ಮೇಲೆ ಒಂದು ಮಧ್ಯಾಹ್ನ ಗಂಜಿ ಹಿಡಿದುಕೊಂಡು ಹೋದೆ. ಮೈ ಇಳಿದು ಹೋಗಿತ್ತು. ಮಂಚದ ಕೆಳಗೆ ಕೆಂಪಿ, ಕಾಲಿನ ಮೇಲೆ ಮೋರೆ ಇಟ್ಟು ಮಲಗಿದ್ದಳು. ಇನ್ನು ಇಟ್ಟುಕೊಂಡರೆ ಆಗದು ಎಂದು ಎಲ್ಲ ಹೇಳಿಬಿಟ್ಟೆ. ಅಷ್ಟೂ ವರ್ಷದ ಬಂಗಡೆ ತಲೆ, ನನ್ನ ಹಟ, ಆ ದಿನ ಅವಳು ನನ್ನ ಮುಖ ನೋಡಿದ್ದು, ಎಲ್ಲ. ‘ನಿಮ್ಮ ಮಾನ ಕಳ್ದವಳು ನಾನು ಮಾಸ್ತರ್ರೇ. ತಪ್ಪಾತು’ ಎಂದು ಅತ್ತೆ. ನನಗೆ ಅಳು ಬರುತ್ತದೆಂದು ನನಗೇ ಗೊತ್ತಿರಲಿಲ್ಲ.

ಅವರು ನಕ್ಕರು. ಅಷ್ಟು ವರ್ಷದಲ್ಲಿ ನನ್ನ ಒಂದು ಮಾತಿಗೂ ನಗದವರು, ಕೆಮ್ಮು ಬರುವಷ್ಟು ನಕ್ಕರು.

‘ನಾಯಿ ಬಾಯಿ ಹತ್ರ ಮುಖ ಇಟ್ಕಂಡು ಹದಿನೆಂಟು ವರ್ಷ ದುಡ್ದವ ನಾನು. ದಿನಾ ಬೆಳಿಗ್ಗೆ ಅದ್ರ ಬಾಯಲ್ಲಿ ಬಂಗಡೆ ವಾಸ್ನೆ ಬಂದ್ರೆ ಗೊತ್ತಾಗೂದಿಲ್ವಾ ತಂಗಿ? ಮೀನಿನ ಪೆಟ್ಗೆ ಘಟ್ಟದ ಮೇಲೆ ಹೊತ್ಕಂಡು ಹೋಗಿ ಕೊಟ್ಟವ ಯಾರು?’

ನಾನು ಸೆರಗಿನಿಂದ ಕಣ್ಣೊರೆಸಿಕೊಂಡೆ.

‘ಐಜಿಪಿಗೆ ಹಾಕಿದ್ರೆ ನೀರು ಕುಡ್ದಂಗೆ ಪಾಸಾಗ್ತಿತ್ತು. ಅಲ್ಲಿ ಯಾರೂ ತಿಂಬೂಕೆ ಬಿಸಾಡೂದಿಲ್ಲ. ಮರುದಿನ ನಾನು ಭಟ್ಕಳಕ್ಕೆ ಹೋಗಿ ಇದ್ನ ಗೇಟಿಗೆ ಕಟ್ಟಿ ಬರಬೇಕಾಗಿತ್ತು.’ ಕೈಯನ್ನು ಮಂಚದ ಕೆಳಗೆ ಬಿಟ್ಟರು. ಕೆಂಪಿ ತಲೆಯನ್ನು ತಂದು ಆ ಕೈಯೊಳಗೆ ಇಟ್ಟಳು.

ನನಗೆ ಅಳು ಹೋಗಿ ಸಿಟ್ಟು ಬಂತು. ಎರಡು ವರ್ಷ ನಾನು ಪಟ್ಟ ಸಂಕಟ ಯಾರಪ್ಪನ ಗಂಟು? ‘ಹಂಗಾದ್ರೆ ನಂಗೊಂದು ಮಾತು ಹೇಳೂಕೆ ಎಂತಾ ಆಗಿತ್ತು ನಿಮಗೆ?’

‘ಹೇಳಿದ್ರೆ ನೀ ಮೀನು ಹಾಕೂದು ನಿಲ್ಸ್ತಿದ್ದಿ’ ಎಂದರು.